ಮೂರನೇ ಲೈನಿನ ಬೂದು ವೈರ್

ಸ್ಕಾಲ್ನಿತ್ಸೆ, ೧೪ ಅಕ್ಟೋಬರ್ ೨೦೧೩

ಮಾನ್ಯ ಒಟಾಕರ್ ಪೆಷ್ಟಾ ಅವರಿಗೆ,

ನಮಸ್ಕಾರ. ನನ್ನ ಈ ಹೆಸರನ್ನು ನೀವು ಕೇಳಿರಲಾರಿರಿ. ನಿಮ್ಮ ವಿಳಾಸ ಕೊಟ್ಟವರು ನಿವೃತ್ತ ರೈಲ್ವೆ ನೌಕರರ ಸಂಘದವರು. ನಿಮಗೆ ಕಿವಿ ಮಂದ, ಫೋನ್ ಮಾಡಿದರೆ ಸಿಟ್ಟಾಗುತ್ತೀರಿ, ಕಾಗದ ಬರೆದರೆ ಮಾತ್ರ ಉತ್ತರಿಸುತ್ತೀರಿ ಎಂದರು.

ಇಲ್ಲಿನ ರೈಲ್ವೆ ತರಬೇತಿ ಶಾಲೆಯಲ್ಲಿ ನೀವು ಕಟ್ಟಿದ ಮಾದರಿ ರೈಲುಮಾರ್ಗ ಇನ್ನೂ ಬದುಕಿದೆ. ಶಾಲೆ ಮುಚ್ಚಿ ಹದಿನೇಳು ವರ್ಷವಾಯಿತು. ಹನ್ನೊಂದು ಮೀಟರ್ ಉದ್ದದ ಹಲಗೆಯನ್ನು ಆರು ತುಂಡು ಮಾಡಿ ಗೋದಾಮಿಗೆ ತಳ್ಳಿದ್ದರು. ಎರಡು ವರ್ಷದ ಹಿಂದೆ ನಮ್ಮ ಮಾದರಿ ರೈಲು ಸಂಘ ಅದನ್ನು ಕೇಳಿ ತಂದು ಹಳೆಯ ಗೂಡ್ಸ್ ಶೆಡ್ಡಿನಲ್ಲಿ ಜೋಡಿಸಿತು. ಹಳಿಗಳು, ಸಿಗ್ನಲ್ಲುಗಳು, ಸ್ಟೇಷನ್ ಮಾಸ್ತರರಾಗಲು ಬಂದವರು ಕೂರುತ್ತಿದ್ದ ಮೇಜು, ಆ ಮೇಜಿಗೂ ಹಳಿಗೂ ನಡುವೆ ಇದ್ದ ಮರದ ಅಡ್ಡಗೋಡೆ ಎಲ್ಲವೂ ಇವೆ. ರೈಲು ಕಾಣದಂತೆ ಕೂತು, ಬರೀ ದೀಪ ಮತ್ತು ಫೋನಿನ ಮೇಲೆ ರೈಲು ನಡೆಸಬೇಕಾಗಿತ್ತಂತೆ.

ಇದಕ್ಕೆ ಈಗ ಡಿಜಿಟಲ್ ನಿಯಂತ್ರಣ ಕೂಡಿಸಲು ಹೊರಟಿದ್ದೇವೆ. ವೈರಿನ ಕೆಲಸ ನನ್ನದು. ಬೆಳಿಗ್ಗೆ ಒಂಬತ್ತಕ್ಕೆ ಹಲಗೆಯ ಕೆಳಗೆ ಅಂಗಾತ ಮಲಗಿದರೆ ಊಟದ ಹೊತ್ತಿಗೇ ನಾನು ಏಳುವುದು. ನಿಮ್ಮ ಕೆಲಸ ಮೇಲಿನಿಂದ ಕಾಣುವುದಕ್ಕಿಂತ ಕೆಳಗಿನಿಂದ ಚೆಂದ. ಪ್ರತಿ ಕಟ್ಟಿಗೂ ಮೇಣದ ದಾರ, ಪ್ರತಿ ತುದಿಗೂ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಕೊರೆದ ಅಂಕಿ. ಆರುನೂರ ಹನ್ನೆರಡು ಬಿಲ್ಲೆ ಎಣಿಸಿದ್ದೇನೆ, ಇನ್ನೂ ಮುಗಿದಿಲ್ಲ.

ಸಂಘದಲ್ಲಿ ಎಲ್ಲರಿಗೂ ಇದು ಹಿಡಿಸಿಲ್ಲ. ನಿವೃತ್ತ ಸ್ಟೇಷನ್ ಮಾಸ್ತರ್ ಲುಬೋರ್ ಜಾಪ್ ಎಂಬಾತ ದಿನಾ ಕಾಫಿ ಹಿಡಿದು ಬಂದು ನನ್ನ ಕಾಲ ಬಳಿ ನಿಲ್ಲುತ್ತಾನೆ. “ಏನ್ ತಾಯಿ, ನಲವತ್ತು ವರ್ಷ ತಲೆ ಇಲ್ದೇ ಸುಖವಾಗಿ ಓಡ್ತಿದ್ದ ಇಂಜಿನ್ನಿಗೆ ಈಗ ಮೆದುಳು ಹಾಕ್ತೀಯಾ? ನಾಳೆ ಅದು ರಜೆ ಕೇಳುತ್ತೆ ನೋಡು,” ಎನ್ನುತ್ತಾನೆ.

ನನ್ನ ಪ್ರಶ್ನೆಗಳು ಮೂರು. ಪ್ರತಿ ತುಂಡು ಹಳಿಗೂ ಒಂದೊಂದು ಪುಟ್ಟ ಕೆಪಾಸಿಟರ್ ಬೆಸೆದಿದ್ದೀರಲ್ಲ, ಏಕೆ? ಗುಡ್ಡದೊಳಗೆ ಹಳಿ ಸುತ್ತಿ ತನ್ನನ್ನೇ ಬಂದು ಸೇರುವ ಕಡೆ ಎಲ್ಲೆಲ್ಲಿ ಕತ್ತರಿಸಿದ್ದೀರಿ? ಮತ್ತೆ, ನಿಮ್ಮ ಕೈಬರಹದ ನಕ್ಷೆಯಲ್ಲಿ ಏಳನೇ ಹಾಳೆ ಇಲ್ಲ. ಮೂರನೇ ಲೈನಿಗೆ ಗಾಡಿ ಬಂದರೆ ಮೇಜಿನ ದೀಪ ಹತ್ತಿಸುವ ರಿಲೇಗಳು ಅದರಲ್ಲೇ ಇರಬೇಕು. ನಿಮ್ಮ ಬಳಿ ಪ್ರತಿ ಇದೆಯೇ?

ವಿಶ್ವಾಸಿ,
ಡಿ. ಮ್ಲಿನಾರೋವಾ


ಕೋಶಿತ್ಸೆ, ೨೭ ಅಕ್ಟೋಬರ್ ೨೦೧೩

ಮಾನ್ಯ ಇಂಜಿನಿಯರ್ ಮ್ಲಿನಾರೋವಾ ಅವರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಬಿಲ್ಲೆಗಳು ಆರುನೂರ ಎಪ್ಪತ್ತು. ಎಣಿಕೆ ಮುಗಿದ ಮೇಲೆ ಹೇಳಿ, ನನ್ನ ನೆನಪು ಸರಿಯೋ ಅಲ್ಲವೋ ನೋಡೋಣ. ಎಂಬತ್ತೆರಡನೇ ವಯಸ್ಸಿನಲ್ಲಿ ಇಂಥ ಪರೀಕ್ಷೆ ಬೇಕು.

ಕೆಪಾಸಿಟರುಗಳ ಕಥೆ ಇದು. ಶಾಲೆಯ ಕಾವಲುಗಾರನ ಹೆಂಡತಿ ಗೋಡೆಯ ಆಚೆ ಟಿ.ವಿ. ನೋಡುತ್ತಿದ್ದಳು. ನಾವು ಇಂಜಿನ್ ಓಡಿಸಿದಾಗಲೆಲ್ಲ ಅವಳ ಪರದೆಯ ತುಂಬಾ ಪಟ್ಟೆ. ಒಂದು ದಿನ ಸೌಟು ಹಿಡಿದೇ ಒಳಗೆ ಬಂದಳು. “ಮೇಷ್ಟ್ರೇ, ಒಂದಾ ನಿಮ್ ಆಟಿಕೆ ಇರ್ಬೇಕು, ಇಲ್ಲಾ ನನ್ ಧಾರಾವಾಹಿ ಇರ್ಬೇಕು.” ಆ ವಾರವೇ ನಲವತ್ತೆಂಟು ಕೆಪಾಸಿಟರ್ ಬೆಸೆದೆ. ನಿಮಗೆ ತೊಂದರೆಯಾದರೆ ಕಿತ್ತುಬಿಡಿ. ಆಕೆ ತೀರಿಹೋಗಿ ಬಹಳ ಕಾಲವಾಯಿತು.

ಗುಡ್ಡದೊಳಗಿನ ಸುತ್ತಿನಲ್ಲಿ ಎಡ ಹಳಿ ತಿರುಗಿ ಬಂದು ಬಲ ಹಳಿಯನ್ನು ಮುಟ್ಟುತ್ತದೆ, ಕತ್ತರಿಸದಿದ್ದರೆ ಕಿಡಿ. ಎಲ್ಲಿ ಕತ್ತರಿಸಿದ್ದೇನೆ ಎಂಬುದನ್ನು ನೀವೇ ಹುಡುಕಿ. ಹೇಳಿಕೊಟ್ಟರೆ ಕಲಿತಂತಾಗುವುದಿಲ್ಲ ಎಂದು ಇಪ್ಪತ್ತಾರು ವರ್ಷ ಪಾಠ ಮಾಡಿದವನು ನಾನು. ಹದಿನೈದು ದಿನದಲ್ಲಿ ಸಿಗದಿದ್ದರೆ ಬರೆಯಿರಿ.

ನನಗೂ ಒಂದು ಅನುಮಾನ ಬಗೆಹರಿಸಿಕೊಡಿ. ಒಂದೇ ಹಳಿ, ಒಂದೇ ವಿದ್ಯುತ್ತು. ಅದರ ಮೇಲೆ ಒಂದು ಇಂಜಿನ್ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋಗುತ್ತದಂತಲ್ಲ, ಹೇಗೆ? ಮೊಮ್ಮಗಳನ್ನು ಕೇಳಿದೆ. “ಚಿಪ್ ಇರುತ್ತೆ ತಾತಾ,” ಎಂದಳು. ಆಲೂಗಡ್ಡೆ ಬೇಯುವುದು ಹೇಗೆಂದರೆ ಪಾತ್ರೆ ಇರುತ್ತೆ ಎಂದ ಹಾಗಾಯಿತು.

ಏಳನೇ ಹಾಳೆ ಕಳೆದುಹೋಗಿದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಒ. ಪೆಷ್ಟಾ


ಸ್ಕಾಲ್ನಿತ್ಸೆ, ೧೦ ನವೆಂಬರ್ ೨೦೧೩

ಮಾನ್ಯ ಪೆಷ್ಟಾ ಅವರಿಗೆ,

ಬಿಲ್ಲೆಗಳು ಆರುನೂರ ಎಪ್ಪತ್ತೊಂದು. ಒಂದೇ ಒಂದರಲ್ಲಿ ತಪ್ಪಿದ್ದೀರಿ.

ನಿಮ್ಮ ಅನುಮಾನಕ್ಕೆ ನನಗೆ ತಿಳಿದಂತೆ ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಹಳಿಯ ವಿದ್ಯುತ್ತೇ ಇಂಜಿನ್ನಿನ ಕೊರಳ ಹಗ್ಗ. ಹೆಚ್ಚು ಬಿಟ್ಟರೆ ಓಟ, ತಿರುಗಿಸಿದರೆ ಹಿಂದಕ್ಕೆ. ಆ ತುಂಡಿನ ಮೇಲೆ ಎಷ್ಟು ಇಂಜಿನ್ ಇದ್ದರೂ ಎಲ್ಲವೂ ಒಟ್ಟಿಗೇ. ಈಗ ಹಳಿಯಲ್ಲಿ ಯಾವಾಗಲೂ ಪೂರ್ತಿ ವಿದ್ಯುತ್ತು. ಅದರ ಜೊತೆಗೇ ಆಜ್ಞೆಯೂ ಹರಿಯುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ನಿಂತು ಹೆಸರು ಕೂಗಿದ ಹಾಗೆ: ಕೂಗು ಎಲ್ಲರಿಗೂ ಕೇಳುತ್ತದೆ, ಏಳುವವರು ಒಬ್ಬರೇ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಉಗುರಿನಷ್ಟು ಚಿಪ್ ಕೂತು ತನ್ನ ನಂಬರನ್ನೇ ಕಾಯುತ್ತಿರುತ್ತದೆ.

ಮೊನ್ನೆ ಮೊದಲ ಇಂಜಿನ್ ತಯಾರಾಯಿತು, ನಿಮ್ಮ ಹಳೆಯ ಹಸಿರು ಡೀಸೆಲ್. ಮೋಟರಿನ ಒಂದು ತುದಿ ಕಬ್ಬಿಣದ ಚೌಕಟ್ಟಿಗೇ ತಾಗಿತ್ತು. ಅದನ್ನು ಬಿಡಿಸಿ ಚಿಪ್ ಹಾಕಲು ಎರಡು ದಿನ ಹಿಡಿಯಿತು. ಗುಂಡಿ ಒತ್ತಿದೆ. ಹಿಂದೆಲ್ಲ ಕಪ್ಪೆಯ ಹಾಗೆ ಜಿಗಿದು ಹೊರಡುತ್ತಿದ್ದ ಗಾಡಿ, ಯಾರನ್ನೋ ಎಬ್ಬಿಸದಂತೆ ಎದ್ದುಹೋಗುವವರ ಹಾಗೆ ನಿಧಾನವಾಗಿ ಚಲಿಸಿತು. ಲುಬೋರ್ ಕೂಡ ಕಪ್ ಕೆಳಗಿಟ್ಟ.

ಆಮೇಲೆ ಗಾಡಿ ಗುಡ್ಡದೊಳಗೆ ಹೋದದ್ದೇ ಎಲ್ಲ ಸ್ತಬ್ಧವಾಯಿತು, ಸುಟ್ಟ ವಾಸನೆ ಬಂತು. “ನೋಡ್ದ್ಯಾ ಕನಸುಗಣ್ಣಿ, ಮೆದುಳು ಬಂದ ಮೊದಲನೇ ದಿನವೇ ತಲೆನೋವು,” ಎಂದ. ಎರಡು ಕಡೆ ಕತ್ತರಿಸಿದ ಜಾಗ ಸಿಕ್ಕಿದೆ. ಮೂರನೆಯದು ಎಲ್ಲೋ ಇದೆ. ಸೋತೆ, ಹೇಳಿ.

ಇನ್ನೊಂದು ವಿಚಿತ್ರ. ನಿಮ್ಮ ವೈರುಗಳೆಲ್ಲ ಕೆಂಪು, ನೀಲಿ, ಹಳದಿ, ಕಪ್ಪು, ಎಲ್ಲದಕ್ಕೂ ಬಿಲ್ಲೆ. ಮೂರನೇ ಲೈನಿನ ರಿಲೇಯಿಂದ ಮಾತ್ರ ಜೋಡಿ ಬೂದು ವೈರ್ ಹೊರಟಿದೆ. ಬಿಲ್ಲೆ ಇಲ್ಲ. ಹಲಗೆ ಹೊತ್ತ ಚೌಕಟ್ಟಿನ ಕಾಲಿನೊಳಗೆ ತೂತು ಕೊರೆದು ಇಳಿಸಿದ್ದೀರಿ, ತುದಿ ನೆಲದ ಬಳಿ ಕತ್ತರಿಸಿಹೋಗಿದೆ. ಎಲ್ಲಿಗೆ ಹೋಗುತ್ತಿತ್ತು?

ಡಿ. ಮ್ಲಿನಾರೋವಾ


ಕೋಶಿತ್ಸೆ, ೨೪ ನವೆಂಬರ್ ೨೦೧೩

ಮಾನ್ಯ ಇಂಜಿನಿಯರ್ ಅವರೇ,

ನರ್ಸಿನ ಉದಾಹರಣೆ ನನಗೆ ಬಹಳ ಹಿಡಿಸಿತು. ಮೊಮ್ಮಗಳಿಗೆ ನಾನೇ ಪಾಠ ಮಾಡಿದೆ. ನೀವು ಎಲ್ಲಿ ಓದಿದವರು? ಈಗಿನ ಇಂಜಿನಿಯರುಗಳು ಹೀಗೆ ಬರೆಯುವುದಿಲ್ಲ.

ಮೂರನೇ ಕಡಿತ ಸುರಂಗದ ಬಾಯಿಂದ ನಲವತ್ತು ಸೆಂಟಿಮೀಟರ್ ಒಳಗೆ, ಹೊರ ಹಳಿಯಲ್ಲಿ. ಬೇಸಿಗೆಯಲ್ಲಿ ಹಳಿ ಹಿಗ್ಗಿ ಎರಡು ತುದಿಯೂ ಮುಟ್ಟಿಕೊಳ್ಳುತ್ತಿದ್ದವು. ಏನು ತುಂಬಿದರೂ ನಿಲ್ಲಲಿಲ್ಲ. ಕೊನೆಗೆ ನನ್ನವಳ ಉಗುರುಬಣ್ಣ ಕದ್ದು ತುಂಬಿದೆ. ಅದಕ್ಕೇ ನಿಮಗೆ ಕಂಡಿಲ್ಲ; ಮೇಲೆ ತುಕ್ಕಿನ ಬಣ್ಣ ಬಳಿದಿದ್ದೇನೆ. ಕೆರೆದರೆ ಗುಲಾಬಿ ಬಣ್ಣ ಕಾಣುತ್ತದೆ. ಸುತ್ತಿನೊಳಗೆ ಪೂರ್ತಿ ರೈಲು ಹಿಡಿಸಬೇಕು, ಒಂದು ಡಬ್ಬಿಯೂ ಹೊರಗೆ ಉಳಿಯಬಾರದು. ಇದು ನೆನಪಿರಲಿ. ಸುತ್ತಿನಲ್ಲಿ ವಿದ್ಯುತ್ತಿನ ದಿಕ್ಕು ಬದಲಿಸುವ ನಿಮ್ಮ ಹೊಸ ಯಂತ್ರಕ್ಕೂ ಈ ನಿಯಮ ತಪ್ಪಿದ್ದಲ್ಲ ಎಂದುಕೊಂಡಿದ್ದೇನೆ.

ಬೂದು ವೈರ್ ಹಳೆಯ ಟೆಲಿಫೋನಿನದು. ಕಿತ್ತು ಎಸೆಯಿರಿ.

ಒ. ಪೆಷ್ಟಾ


ಸ್ಕಾಲ್ನಿತ್ಸೆ, ೮ ಡಿಸೆಂಬರ್ ೨೦೧೩

ಮಾನ್ಯ ಪೆಷ್ಟಾ ಅವರಿಗೆ,

ಗುಲಾಬಿ ಬಣ್ಣ ಸಿಕ್ಕಿತು. ಹಸಿರು ಡೀಸೆಲ್ ಈಗ ಗುಡ್ಡ ಸುತ್ತಿ, ಹೋದ ದಾರಿಯಲ್ಲೇ ಮುಖ ತಿರುಗಿಸಿಕೊಂಡು ವಾಪಸ್ ಬರುತ್ತದೆ. ಅದನ್ನು ಹತ್ತು ಸಲ ನೋಡಿದೆ.

ವೈರನ್ನು ಎಸೆಯಲಿಲ್ಲ. ಟೆಲಿಫೋನಿನ ವೈರ್ ರಿಲೇಯ ಸುರುಳಿಗೆ ಏಕೆ ಬೆಸೆದಿರಬೇಕು ಎಂಬುದು ತಲೆಯಿಂದ ಹೋಗಲಿಲ್ಲ. ಲೈನಿನಲ್ಲಿ ಗಾಡಿ ಇದೆಯೇ ಎಂದು ತಿಳಿಸುವ ಡಿಜಿಟಲ್ ಪತ್ತೆಯಂತ್ರ ಹಾಕುವ ಮುಂಚೆ ಹಳೆಯದನ್ನು ಒಮ್ಮೆ ಪೂರ್ತಿ ಚಾಲೂ ಮಾಡಿ ನೋಡೋಣ ಎಂದು ನಿಮ್ಮ ಟ್ರಾನ್ಸ್‌ಫಾರ್ಮರ್ ಜೋಡಿಸಿದೆ. ಮೂರನೇ ಲೈನಿನಲ್ಲಿ ಗಾಡಿ ನಿಲ್ಲಿಸಿದೆ. ರಿಲೇ ಟಕ್ ಎಂದಿತು, ಮೇಜಿನ ಮೇಲೆ ಕೆಂಪು ದೀಪ ಹತ್ತಿತು. ಅಂದರೆ ಲೈನಿನಲ್ಲಿ ಗಾಡಿ ಇದೆ.

ಆಮೇಲೆ ನೆಲದಲ್ಲಿ ಕೂತು ಬೂದು ವೈರಿನ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದೆ. ಮತ್ತೆ ಟಕ್. ಎದ್ದು ಹೋಗಿ ನೋಡಿದೆ. ದೀಪ ಆರಿತ್ತು. ಗಾಡಿ ಮಾತ್ರ ಅಲ್ಲೇ ನಿಂತಿತ್ತು.

ಇದು ಎಷ್ಟು ಜಾಣ ಕೆಲಸ. ವಿದ್ಯುತ್ತು ಸುರುಳಿಯನ್ನು ಬಿಟ್ಟು ಪಕ್ಕದ ದಾರಿ ಹಿಡಿಯುತ್ತದೆ, ರಿಲೇ ಸಡಿಲಾಗುತ್ತದೆ, ಅಷ್ಟೇ. ಒಂದು ಪುಟ್ಟ ಗುಂಡಿ ಸಾಕು. ಮೊಣಕಾಲಿನಿಂದ ಒತ್ತಬಹುದಾದಂಥದ್ದು.

ಆ ಮೇಜಿನಲ್ಲಿ ಕೂತವರಿಗೆ ಹೇಗೆ ಕಂಡಿರಬಹುದೆಂದು ಯೋಚಿಸುತ್ತಿದ್ದೇನೆ. ಗಡಿಯಾರದಲ್ಲಿ ಹತ್ತು ಇಪ್ಪತ್ತು. ಮೂರನೇ ಲೈನಿನಲ್ಲಿ ಪ್ಯಾಸೆಂಜರ್ ನಿಂತಿರಬೇಕೋ ಹೊರಟುಹೋಗಿರಬೇಕೋ ಎಂದು ಒಂದು ಕ್ಷಣ ಅನುಮಾನ. ಅತ್ತ ಗೂಡ್ಸ್ ಬಂದು ಸಿಗ್ನಲ್ಲಿನ ಹೊರಗೆ ಕಾಯುತ್ತಿದೆ. ದೀಪ ನೋಡಿದರೆ ಲೈನ್ ಖಾಲಿ. ಗೂಡ್ಸ್ ಬಿಟ್ಟರೆ ಅಡ್ಡಗೋಡೆಯ ಆಚೆ ಸದ್ದು.

ಇದನ್ನು ಏತಕ್ಕೆ ಮಾಡಿದ್ದಿರಿ? ಬೇಸರವಿಲ್ಲದೆ ತಿಳಿಸಿ. ಇದರಲ್ಲಿ ನನಗೆ ಬರೀ ಕುತೂಹಲ.

ಡಿ. ಮ್ಲಿನಾರೋವಾ


ಕೋಶಿತ್ಸೆ, ೧೯ ಡಿಸೆಂಬರ್ ೨೦೧೩

ಮ್ಲಿನಾರೋವಾ ಅವರೇ,

ಅದು ಬೋಧನೆಯ ಉಪಕರಣ. ದೀಪವೂ ಸುಳ್ಳು ಹೇಳಬಹುದು, ಅನುಮಾನ ಬಂದರೆ ಫೋನ್ ಎತ್ತಿ ಹಳಿಯ ಬಳಿ ಇರುವ ಪಾಯಿಂಟ್ಸ್‌ಮನ್‌ಗೆ ‘ಕಣ್ಣಾರೆ ನೋಡಿ ಹೇಳು’ ಎನ್ನಬೇಕು ಎಂದು ಕಲಿಸಲು ಮಾಡಿದ್ದೆ. ಮೇಲಿನವರು ಒಪ್ಪಲಿಲ್ಲ. ನಮ್ಮ ರೈಲ್ವೆಯ ದೀಪಗಳು ಸುಳ್ಳು ಹೇಳುವುದಿಲ್ಲ ಎಂದರು. ತರಗತಿಯಲ್ಲಿ ಎಂದೂ ಬಳಸಲಿಲ್ಲ.

ನಾನು ಯಾವ ಕಾಗದದಲ್ಲೂ ಹತ್ತು ಇಪ್ಪತ್ತು ಎಂದು ಬರೆದಿರಲಿಲ್ಲ. ಗೂಡ್ಸ್ ಎಂದೂ ಬರೆದಿರಲಿಲ್ಲ.

ಮದುವೆಗೆ ಮುಂಚೆ ನಿಮ್ಮ ಹೆಸರೇನಿತ್ತು?

ಒ. ಪೆಷ್ಟಾ


ಸ್ಕಾಲ್ನಿತ್ಸೆ, ೨೮ ಡಿಸೆಂಬರ್ ೨೦೧೩

ಮೇಷ್ಟ್ರೇ,

ಹ್ರುಬೆಶೋವಾ. ದೊಬ್ರೊಸ್ಲಾವಾ ಹ್ರುಬೆಶೋವಾ. ತರಗತಿಯಲ್ಲಿ ಸ್ಲಾವ್ಕಾ ಎನ್ನುತ್ತಿದ್ದರು. ೧೯೭೯ರ ಮೇ ತಿಂಗಳ ಪರೀಕ್ಷೆ.

ನಾನು ಇಂಜಿನಿಯರ್ ಅಲ್ಲ. ನೀವು ಹಾಗೆ ಕರೆದಾಗ ತಿದ್ದದೆ ಬಿಟ್ಟದ್ದು ತಪ್ಪು, ಕೇಳಲು ಚೆನ್ನಾಗಿತ್ತು. ನಾನು ಮೂವತ್ತೊಂದು ವರ್ಷ ರೈಲ್ವೆ ಗೇಟ್ ಕಾದವಳು. ಎರಡು ರೈಲಿನ ನಡುವೆ ಓದಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ವೈರಿನ ವಿದ್ಯೆಯೆಲ್ಲ ಅಲ್ಲಿಯದು.

ಮೊದಲ ಕಾಗದದಲ್ಲೇ ಹೆಸರು ಹೇಳದಿದ್ದುದು ನಿಮ್ಮನ್ನು ಪರೀಕ್ಷಿಸಲು ಅಲ್ಲ. ಆಗ ನನಗೆ ವೈರಿನ ಸುದ್ದಿಯೇ ಗೊತ್ತಿರಲಿಲ್ಲ. ಮಾಸ್ತರರ ಮೇಜಿನಲ್ಲಿ ಕೂತು ಎರಡು ರೈಲು ಗುದ್ದಿಸಿದ ಹುಡುಗಿ ನಾನೇ ಎನ್ನಲು ನಾಚಿಕೆಯಾಯಿತು, ಅಷ್ಟೇ.

ಸ್ಲಾವ್ಕಾ


ಸ್ಕಾಲ್ನಿತ್ಸೆ, ೨ ಫೆಬ್ರುವರಿ ೨೦೧೪

ಮೇಷ್ಟ್ರೇ,

ಐದು ವಾರವಾಯಿತು, ನಿಮ್ಮಿಂದ ಉತ್ತರವಿಲ್ಲ. ಆರೋಗ್ಯ ತಪ್ಪಿದೆಯೋ ಏನೋ ಎಂದು ನಿವೃತ್ತ ನೌಕರರ ಸಂಘದವರನ್ನು ಕೇಳಿದೆ. “ಅವರಾ? ಮೊನ್ನೆ ಕಾರ್ಡು ಕಳ್ಸಿದ್ರಲ್ಲ, ಚೆನ್ನಾಗೇ ಇದಾರೆ,” ಎಂದರು.

ಕೆಲಸ ನಿಂತಿಲ್ಲ. ಹಲಗೆಯ ಉದ್ದಕ್ಕೂ ದಪ್ಪ ತಾಮ್ರದ ವೈರ್ ಎಳೆದು, ಪ್ರತಿ ಮೀಟರಿಗೂ ಹಳಿಗೆ ಕವಲು ಬೆಸೆದಿದ್ದೇನೆ. ನಿಮ್ಮ ಸಣ್ಣ ವೈರುಗಳಲ್ಲಿ ಆಜ್ಞೆ ದೂರ ಹೋದಂತೆ ಮಸುಕಾಗುತ್ತಿತ್ತು, ಕೊನೆಯ ತುದಿಯ ಇಂಜಿನ್ನುಗಳಿಗೆ ಹೆಸರು ಸರಿಯಾಗಿ ಕೇಳುತ್ತಿರಲಿಲ್ಲ. ಏಳು ಇಂಜಿನ್ನಿಗೆ ಚಿಪ್ ಆಗಿದೆ. ನಲವತ್ತೆಂಟು ಕೆಪಾಸಿಟರನ್ನೂ ಕಿತ್ತಿದ್ದೇನೆ.

ಬೂದು ವೈರನ್ನು ಹಾಗೇ ಬಿಟ್ಟಿದ್ದೇನೆ. ಅದನ್ನು ತೆಗೆಯದೆ ಮೂರನೇ ಲೈನಿಗೆ ಹೊಸ ಪತ್ತೆಯಂತ್ರ ಕೂರಿಸಲಾಗದು.

ಒಂದೇ ಪ್ರಶ್ನೆ. ಆ ದಿನ ನೀವು ಅದನ್ನು ಒತ್ತಿದಿರೋ ಇಲ್ಲವೋ? ಒಂದು ಪದ ಸಾಕು.

ಸ್ಲಾವ್ಕಾ


ಕೋಶಿತ್ಸೆ, ೧೬ ಫೆಬ್ರುವರಿ ೨೦೧೪

ಸ್ಲಾವ್ಕಾ ಹ್ರುಬೆಶೋವಾ ಅವರೇ,

ಒತ್ತಿದೆ.

ನಿಮಗೆ ಒಂದು ಪದ ಸಾಕು ಎಂದಿರಿ. ನನಗೆ ಸಾಲದು. ಐದು ವಾರ ದಿನಾ ಕಾಗದ ಬರೆಯಲು ಕೂತೆ, ದಿನಾ ಹರಿದೆ. ಎಲ್ಲದರಲ್ಲೂ ನನ್ನ ಕಷ್ಟವೇ ಮೊದಲ ಪುಟ ತುಂಬಿಬಿಡುತ್ತಿತ್ತು.

ನಡೆದದ್ದು ಇಷ್ಟು. ಅದರ ಹಿಂದಿನ ವರ್ಷ ನಿಮ್ಮ ಅಣ್ಣ ಕದ್ದು ಗಡಿ ದಾಟಿ ಆಸ್ಟ್ರಿಯಾಗೆ ಹೋಗಿದ್ದರು; ಆಗಿನ ಕಮ್ಯುನಿಸ್ಟ್ ಸರ್ಕಾರದಲ್ಲಿ ಅದಕ್ಕೆ ಮನೆಯವರೂ ದಂಡ ತೆರಬೇಕಿತ್ತು. ಪರೀಕ್ಷೆಯ ಹಿಂದಿನ ದಿನ ಸಿಬ್ಬಂದಿ ವಿಭಾಗದವನೊಬ್ಬ ನನ್ನ ಕೋಣೆಗೆ ಬಂದ. “ಹ್ರುಬೆಶೋವಾ ಸ್ಟೇಷನ್ ಮಾಸ್ತರ್ ಆಗೋದು ಬೇಡ. ಕಾಗದದಲ್ಲಿ ತಡೆದ್ರೆ ನಾಲ್ಕು ಜನ ಕೇಳ್ತಾರೆ. ಪರೀಕ್ಷೇಲಿ ಬಿದ್ರೆ ಯಾರೂ ಕೇಳಲ್ಲ. ನೀವು ಏನೋ ಒಂದು ಗುಂಡಿ ಮಾಡಿದ್ದೀರಂತಲ್ಲ ಮೇಷ್ಟ್ರೇ?” ಎಂದ. ಒಪ್ಪದಿದ್ದರೆ ನನಗೇನಾಗುತ್ತದೆ ಎಂಬುದನ್ನೂ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮ ಬದುಕಿಗೆ ಬದಲಾಗಿ ನಾನು ಏನನ್ನೋ ತಕ್ಕಡಿಯಲ್ಲಿ ಇಟ್ಟ ಹಾಗಾಗುತ್ತದೆ.

ಗುಂಡಿ ನಿಮ್ಮೆದುರು ಪರೀಕ್ಷಕನಾಗಿ ಕೂತಿದ್ದ ನನ್ನ ಮೇಜಿನ ಕೆಳಗಿತ್ತು. ನೀವು ಊಹಿಸಿದ ಹಾಗೆಯೇ, ಮೊಣಕಾಲಿಗೆ ಸಿಗುವಂತೆ. ಹದಿನಾಲ್ಕು ರೈಲನ್ನು ನೀವು ಒಂದು ತಪ್ಪಿಲ್ಲದೆ ನಡೆಸಿದಿರಿ. ಹದಿನೈದನೆಯದು ಆ ಗೂಡ್ಸ್. ಸಿಗ್ನಲ್ ಕೊಡುವ ಮುಂಚೆ ನೀವು ಎರಡು ಸಲ ದೀಪ ನೋಡಿದಿರಿ. ನಾನು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಸದ್ದು ಕೇಳಿ ನೀವು “ದೀಪ ಆರಿತ್ತು, ಮೇಷ್ಟ್ರೇ,” ಎಂದಿರಿ. ಅಷ್ಟರಲ್ಲಿ ನಾನು ಮೊಣಕಾಲು ತೆಗೆದಿದ್ದೆ, ದೀಪ ಮತ್ತೆ ಹತ್ತಿತ್ತು. “ಉರೀತಾ ಇದೆಯಲ್ಲಮ್ಮ, ನೋಡು,” ಎಂದೆ. ಆ ಮಾತನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ.

ಬೇಸಿಗೆ ರಜೆಯಲ್ಲಿ ಗುಂಡಿ ಕಿತ್ತೆ, ವೈರ್ ಕತ್ತರಿಸಿದೆ, ಏಳನೇ ಹಾಳೆ ಸುಟ್ಟೆ. ಚೌಕಟ್ಟಿನ ಕಾಲಿನೊಳಗೆ ಇಳಿಸಿದ ವೈರನ್ನು ಎಳೆದು ತೆಗೆಯಲಾಗಲಿಲ್ಲ.

ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಒಟಾಕರ್ ಪೆಷ್ಟಾ


ಸ್ಕಾಲ್ನಿತ್ಸೆ, ೨ ಮಾರ್ಚ್ ೨೦೧೪

ಮೇಷ್ಟ್ರೇ,

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲೆ ಬೇಯುತ್ತಿದ್ದ ಪ್ಲಮ್ ಕಡುಬುಗಳು ಒಡೆದು ನೀರಾದವು.

ಮೊದಲು ಬಂದದ್ದು ಸಿಟ್ಟಲ್ಲ. ‘ಹಾಗಾದರೆ ನನ್ನ ಕಣ್ಣು ಸರಿಯಾಗಿತ್ತು’ ಎಂದು ಗಟ್ಟಿಯಾಗಿ ಹೇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಮತ್ತೆ ಹೇಳಿದೆ.

ಈ ಮೂವತ್ತೈದು ವರ್ಷ ಹೇಗಿತ್ತೆಂದು ನಿಮಗೆ ಗೊತ್ತಿರಲಿ. ವರದಿಯಲ್ಲಿ ‘ಗಮನವಿಲ್ಲ, ಜವಾಬ್ದಾರಿಗೆ ತಕ್ಕವಳಲ್ಲ’ ಎಂದು ಬರೆದಿದ್ದಿರಿ. ನಾನು ಅದನ್ನು ನಂಬಿದೆ. ಇಲ್ಲದ್ದನ್ನು ಕಾಣುವ, ಇದ್ದದ್ದನ್ನು ಕಾಣದ ಕಣ್ಣು ನನ್ನದು ಎಂದುಕೊಂಡೆ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುತ್ತೇನೆ. ಮಗಳಿಗೆ ಜ್ವರ ಬಂದಾಗ ಥರ್ಮಾಮೀಟರನ್ನು ಪಕ್ಕದ ಮನೆಯವರಿಗೆ ತೋರಿಸಿ ಓದಿಸುತ್ತಿದ್ದೆ. ನನ್ನ ಗಂಡ ಒಳ್ಳೆಯವನು. “ನಿನ್ ಕಣ್ಣು ನಿನಗೇ ಸಾಕ್ಷಿ ಅಲ್ವೇನೇ?” ಎಂದು ನಗುತ್ತಿದ್ದ. ತೀರಿಕೊಳ್ಳುವವರೆಗೂ ಅವನಿಗೆ ಏಕೆಂದು ತಿಳಿಯಲಿಲ್ಲ.

ಲುಬೋರ್ ನಮ್ಮ ತರಗತಿಯವನೇ. ಅವನು ನನ್ನನ್ನು ಕನಸುಗಣ್ಣಿ ಎನ್ನುವುದು ಆ ದಿನದಿಂದ. ಪರೀಕ್ಷೆಯ ಕೋಣೆಯಲ್ಲಿ ಕನಸು ಕಾಣುತ್ತಾ ಕೂತು ರೈಲು ಗುದ್ದಿಸಿದಳು ಎಂದು. ಊರಿಗೆಲ್ಲ ಅದೇ ಹೆಸರು. ನಾನೂ ಅದಕ್ಕೆ ಓಗೊಡುತ್ತೇನೆ.

ಅಣ್ಣ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ತೀರಿಕೊಂಡು ಒಂಬತ್ತು ವರ್ಷವಾಯಿತು. ತನ್ನಿಂದ ನನಗೆ ಹೀಗಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿರಲಿಲ್ಲವಾದ್ದರಿಂದ ಅವನನ್ನು ಬಯ್ಯದೆ ಉಳಿದೆ. ಇದೊಂದು ಒಳ್ಳೆಯದಾಯಿತು.

ಸಿಟ್ಟು ಮಾರನೆಯ ದಿನ ಬಂತು. ಇನ್ನೂ ಇದೆ. ನೀವು ಅಷ್ಟು ಚೆಂದವಾಗಿ ಬಿಲ್ಲೆ ಕೊರೆದವರು, ಮೇಣದ ದಾರ ಕಟ್ಟಿದವರು ಎಂಬುದೇ ಹೆಚ್ಚು ಸಿಟ್ಟು ತರಿಸುತ್ತದೆ. ಒರಟು ಕೈಯವನು ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕ್ಷಮೆ ನನಗೂ ಬೇಡ. ಒಂದು ಕೆಲಸ ಮಾಡಿ. ಏಪ್ರಿಲ್ ೨೬ರಂದು ಡಿಜಿಟಲ್ ಮಾರ್ಗದ ಉದ್ಘಾಟನೆ. ನಮ್ಮ ಮಾದರಿ ರೈಲು ಸಂಘದ ಹನ್ನೊಂದು ಮಂದಿ ಇರುತ್ತಾರೆ. ಬಂದು, ನನಗೆ ಬರೆದದ್ದನ್ನು ಅವರ ಎದುರು ಬಾಯಿಬಿಟ್ಟು ಹೇಳಿ. ಕಾಗದ ಓದಿ ಹೇಳುವುದು ನನ್ನ ಕೆಲಸವಲ್ಲ.

ಸ್ಲಾವ್ಕಾ


ಕೋಶಿತ್ಸೆ, ೨೦ ಮಾರ್ಚ್ ೨೦೧೪

ಸ್ಲಾವ್ಕಾ ಅವರೇ,

ಬರುತ್ತೇನೆ. ಮಗಳು, “ಈ ವಯಸ್ಸಲ್ಲಿ ಅಷ್ಟು ದೂರ ಯಾಕಪ್ಪಾ, ಆಟದ ರೈಲು ನೋಡೋಕಾ?” ಎಂದಳು. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಆಮೇಲೆ ಟಿಕೆಟ್ ತಂದುಕೊಟ್ಟಳು. ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ನನಗೆ ನನ್ನ ದನಿ ಕೇಳಿಸುವುದಿಲ್ಲ. ತುಂಬಾ ಜೋರಾದರೆ ಕೈ ಮಾಡಿ.

ಒ. ಪೆ.


ಸ್ಕಾಲ್ನಿತ್ಸೆ, ೪ ಮೇ ೨೦೧೪

ಮೇಷ್ಟ್ರೇ,

ನೀವು ಸುಖವಾಗಿ ತಲುಪಿದ ಕಾರ್ಡು ಬಂತು. ನೀವು ಹೊರಟ ಮೇಲೆ ಇಲ್ಲಿ ಆದದ್ದನ್ನು ಬರೆಯುತ್ತೇನೆ.

ಹೌದು, ನಿಮ್ಮ ದನಿ ಜೋರಾಗಿತ್ತು. ಶೆಡ್ಡಿನ ಹೊರಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವರೂ ನಿಂತರು. ನಾನು ಬೇಕೆಂದೇ ಕೈ ಮಾಡಲಿಲ್ಲ.

“ಉರೀತಾ ಇದೆಯಲ್ಲಮ್ಮ ಅಂದೆ. ಸುಳ್ಳು ಹೇಳಿದೆ,” ಎಂದು ನೀವು ಹೇಳುವಾಗ ಲುಬೋರ್ ಎದ್ದು ಹೊರಗೆ ಹೋದದ್ದನ್ನು ನೀವು ನೋಡಿದಿರಿ. ನಿಮ್ಮ ಮೇಲೆ ಅಸಹ್ಯಪಟ್ಟು ಹೋದ ಎಂದುಕೊಂಡಿರಿ ಎಂದು ನಿಮ್ಮ ಮುಖ ಹೇಳುತ್ತಿತ್ತು. ನಾನೂ ಹಾಗೇ ಅಂದುಕೊಂಡೆ. ಇಬ್ಬರದೂ ತಪ್ಪು. ನಿಮ್ಮನ್ನು ಸ್ಟೇಷನ್ನಿಗೆ ಬಿಟ್ಟು ಬಂದಾಗ ಅವನು ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಕಾಫಿ ಇರಲಿಲ್ಲ.

“ಅವತ್ತು ನಿನ್ ಹಿಂದೇನೇ ಒಳಗೆ ಹೋದೋನು ನಾನು,” ಎಂದ. “ಅದೇ ಗೂಡ್ಸ್, ಅದೇ ಮೂರನೇ ಲೈನು. ನಾನೇನ್ ಫೋನ್ ಎತ್ತಿ ಕೇಳಿದ್ನಾ? ದೀಪ ಆರಿದ್ದು ನೋಡ್ದೆ, ಬಿಟ್ಟೆ. ನನಗೆ ಯಾರೂ ಗುಂಡಿ ಒತ್ಲಿಲ್ಲ, ಪಾಸಾದೆ. ನೀನು ಎರಡು ಸಲ ನೋಡ್ದೆ ಅಂದ್ರು ಮೇಷ್ಟ್ರು. ನಾನು ಒಂದೇ ಸಲ ನೋಡಿದ್ದು. ಅಷ್ಟಕ್ಕೇ ಮೂವತ್ತು ವರ್ಷ ಮಾಸ್ತರರ ಕೆಂಪು ಟೋಪಿ ಇಟ್ಕೊಂಡು ಪ್ಲಾಟ್‌ಫಾರ್ಮಲ್ಲಿ ಮೆರೆದೆ.”

ನನಗೆ ಸಮಾಧಾನ ಮಾಡಬೇಕು ಅನ್ನಿಸಲಿಲ್ಲ, ಅವಮಾನ ಮಾಡಬೇಕು ಎಂದೂ ಅನ್ನಿಸಲಿಲ್ಲ. ಅವನ ಪಕ್ಕ ಕೂತೆ.

“ಒಳಗೆ ಬಾ,” ಎಂದು ಅವನೇ ಎದ್ದ. “ಇವತ್ತು ಯಾರೂ ರೈಲೇ ಓಡ್ಸಿಲ್ಲ. ಉದ್ಘಾಟನೆ ಬಾಕಿ ಇದೆ.”

ಇನ್ನೊಂದು ವಿಷಯ ನಿಮಗೆ ಬರೆದಿರಲಿಲ್ಲ. ಈ ಎರಡು ವರ್ಷದಲ್ಲಿ ನಾನು ಆ ಮಾಸ್ತರರ ಮೇಜಿನಲ್ಲಿ ಒಮ್ಮೆಯೂ ಕೂತಿಲ್ಲ. ವೈರ್ ಎಳೆದೆ, ಚಿಪ್ ಹಾಕಿದೆ, ಮೇಜಿನ ಮೇಲೆ ಪರದೆ ಜೋಡಿಸಿದೆ, ಎಲ್ಲವನ್ನೂ ನಿಂತು, ಬಗ್ಗಿ, ಮಲಗಿ ಮಾಡಿದೆ. ಪರೀಕ್ಷಿಸಲು ರೈಲು ಓಡಿಸುವಾಗಲೂ ಕೈಯಲ್ಲಿ ಹಿಡಿಯುವ ಪುಟ್ಟ ಪೆಟ್ಟಿಗೆಯೇ ಸಾಕು ಎಂದು ಹಳಿಯ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಸಂಜೆಯ ವೇಳಾಪಟ್ಟಿ ನಡೆಸುವವರು ಬೇರೆ. ಯಾರೂ ನನ್ನನ್ನು ಕೂರು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ಲುಬೋರ್ ಕುರ್ಚಿ ಎಳೆದಿಟ್ಟ. ಒಳಗೆ ಇನ್ನೂ ಇದ್ದ ಉಳಿದವರು ಅಡ್ಡಗೋಡೆಯ ಆಚೆ ಹೋದರು. ಕೂತೆ.

ಮೊದಲ ಮೂರು ರೈಲು ಕಳಿಸಿದೆ. ಏಳು ಇಂಜಿನ್ನು, ಏಳು ನಂಬರು, ಒಂದರ ಆಜ್ಞೆ ಇನ್ನೊಂದಕ್ಕೆ ತಗುಲಲಿಲ್ಲ. ನಿಮಗೆ ಇದನ್ನು ತೋರಿಸಬೇಕಾಗಿತ್ತು ಎಂದು ಆ ಗಡಿಬಿಡಿಯಲ್ಲೂ ಅನ್ನಿಸಿತು. ಸಿಟ್ಟಿನ ನಡುವೆ ಹೀಗೆ ಅನ್ನಿಸುವುದು ನನಗೇ ಸೋಜಿಗ.

ಆಮೇಲೆ ಗೂಡ್ಸ್ ಬಂದು ಹೊರಗೆ ನಿಂತಿತು. ಪರದೆಯಲ್ಲಿ ಮೂರನೇ ಲೈನ್ ಖಾಲಿ ಎಂದು ತೋರಿಸುತ್ತಿತ್ತು. ಆ ಪತ್ತೆಯಂತ್ರವನ್ನು ಬೆಸೆದವಳು ನಾನೇ, ಹತ್ತಾರು ಸಲ ಪರೀಕ್ಷಿಸಿದವಳು ನಾನೇ, ಬೂದು ವೈರನ್ನು ಮಾರ್ಚಿನಲ್ಲೇ ಚೌಕಟ್ಟಿನ ಕಾಲಿನೊಳಗಿಂದ ಎಳೆದು ತೆಗೆದವಳೂ ನಾನೇ. ಆದರೂ ಫೋನ್ ಎತ್ತಿದೆ. “ಮೂರನೇ ಲೈನ್ ನೋಡಿ ಹೇಳಿ,” ಎಂದೆ.

ಆಚೆ ಫೋನ್ ಹಿಡಿದಿದ್ದವನು ಲುಬೋರ್. ಏನಾದರೂ ತಮಾಷೆ ಮಾಡುತ್ತಾನೆ ಎಂದುಕೊಂಡೆ. ರಿಸೀವರ್ ಕೆಳಗಿಟ್ಟ ಸದ್ದು ಕೇಳಿತು. ಅವನ ಹೆಜ್ಜೆ ಹಲಗೆಯ ಉದ್ದಕ್ಕೂ ಹೋಯಿತು, ನಿಂತಿತು. ಅವನಿಗೆ ಸೊಂಟನೋವು, ಬಗ್ಗಲು ಹೊತ್ತು ಬೇಕು. ಎಲ್ಲರೂ ಕಾದರು. ಗೂಡ್ಸೂ ಕಾಯಿತು. ಹೆಜ್ಜೆ ವಾಪಸ್ ಬಂತು.

“ಮೂರನೇ ಲೈನ್ ಖಾಲಿ ಇದೆ, ಮಾಸ್ತರೇ. ಕಣ್ಣಾರೆ ನೋಡ್ದೆ.”

ಗಾಡಿ ಬಿಟ್ಟೆ.

ಸ್ಲಾವ್ಕಾ